ಲಿಂಗಸುಗೂರನ್ನು ಕೆಳಗಿಳಿಸುವ ಪಂದ್ಯ

ರಗ್ಬಿ ಆಟಕ್ಕೆ ಚೆಂಡು ಬೇಕು ಎನ್ನುವುದು ನಮಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತೆಂಗಿನಕಾಯಿ ಹಿಡಿದು ರಗ್ಬಿ ಆಡಿದೆವು ಅಂದ ಕೂಡಲೇ ಕೇಳಿದವರು ನಮ್ಮ ಬುದ್ಧಿಯನ್ನು ಅಳೆಯಲು ಶುರು ಮಾಡುತ್ತಾರೆ. ಆ ಚೆಂಡು ಮಸ್ಕಿಯಲ್ಲಿ ಸಿಗಲಿಲ್ಲ, ಲಿಂಗಸುಗೂರಿನಲ್ಲಿ ಸಿಗಲಿಲ್ಲ. ಸಿಂಧನೂರಿನ ಅಂಗಡಿಯವನಂತೂ ಮೊಟ್ಟೆಯ ಆಕಾರದ ಚೆಂಡು ಬೇಕು ಅಂದದ್ದಕ್ಕೆ, "ಇದ್ದ ಚೆಂಡಿನ ಗಾಳಿ ಕಮ್ಮಿ ಮಾಡಿ ಕೊಡ್ಲೇನ್ರೀ?" ಅಂದ. ಅವನ ತಪ್ಪೇನೂ ಇಲ್ಲ ಬಿಡಿ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ನನ್ನ ಪಕ್ಕದ ಕುರ್ಚಿ ಡ್ರಿಲ್ ಮಾಸ್ತರರದು. ಬೇಸಿಗೆ ರಜೆಯಲ್ಲಿ ಅವರು ಸಿಂಧನೂರಿನ ತಂಗಿಯ ಮನೆಗೆ ಹೋಗಿದ್ದರು. ಭತ್ತದ ರೊಕ್ಕ ಹರಿಯುವ ಊರು ಅದು, ನಮಗಿಂತ ಮೊದಲೇ ಕೇಬಲ್ ಬಂದಿತ್ತು. ನಾವಿಲ್ಲಿ ಮಾಳಿಗೆ ಮೇಲೆ ಒಬ್ಬರನ್ನು ಹತ್ತಿಸಿ ಅಂಟೆನಾ ತಿರುಗಿಸುತ್ತಾ "ಬಂತೇನಲೇ?" "ಹೋತಲೇ!" ಎಂದು ಕೂಗಾಡುತ್ತಿದ್ದ ಕಾಲ. ಸಾಲೆ ಶುರುವಾದ ದಿನ ಮಾಸ್ತರರು ಹಾಜರಿಗೆ ಸಹಿ ಕೂಡ ಹಾಕಲಿಲ್ಲ. ಸೀದಾ ಬಂದು ನನ್ನ ಮೇಜು ಗುದ್ದಿದರು.

"ಏಳು ಮಂದಿ ಈ ಕಡಿ, ಏಳು ಮಂದಿ ಆ ಕಡಿ! ಒಬ್ಬಾಂವ ಚೆಂಡು ಅಪ್ಪಿಕೊಂಡು ಓಡ್ತಾನ, ಉಳಿದವರು ಅವನ್ನ ಹಿಡದು ಕೆಡವ್ತಾರ. ಏಳು ನಿಮಿಷ, ಮತ್ತ ಏಳು ನಿಮಿಷ, ಮುಗೀತು! ಇದು ನಮ್ಮ ಕಬಡ್ಡಿನ ರೀ. ಬಿಳೇ ಮಂದಿ ಕದ್ದಾರ!"

ಕದ್ದರೆ ಕದಿಯಲಿ, ನಮ್ಮದೇನು ಹೋಯಿತು ಎಂದು ನಾನು ಹಾಜರಿ ಪುಸ್ತಕವನ್ನು ಅವರ ಮುಂದಕ್ಕೆ ಸರಿಸಿದೆ. ಆದರೆ ಅವರು ಮುಂದೆ ಹೇಳಿದ ಮಾತು ಊರನ್ನೇ ಕೆಡಿಸಿತು.

"ಅಲ್ಲಿ ಬಂದವರನ್ನೆಲ್ಲ ಆಡಸಂಗಿಲ್ಲ. ದೊಡ್ಡ ಪಂದ್ಯಕ್ಕ ಬರಬೇಕಂದ್ರ ಮೊದಲ ಸಣ್ಣ ಪಂದ್ಯ ಗೆದ್ದು ಅರ್ಹತೆ ತಗೋಬೇಕು. ಕಡೇಕ ಬಂದಾಂವ ಕೆಳಗ ಇಳೀಬೇಕು. ಎಷ್ಟ ದೊಡ್ಡ ದೇಶ ಇರವಲ್ದ್ಯಾಕ, ಮುಲಾಜಿಲ್ಲ! ಸಮುದ್ರದಾಗಿನ ನಡುಗಡ್ಡಿ ಮಂದಿ ರೀ, ಭೂಪಟದಾಗ ಹುಡುಕಿದ್ರ ಸಿಗಂಗಿಲ್ಲ, ದೊಡ್ಡ ದೊಡ್ಡ ದೇಶದವರನ್ನ ಮಣ್ಣು ಮುಕ್ಕಿಸಾಕತ್ತಿದ್ರು!"

"ಇಬ್ಬರೂ ಸಮಾ ಆದ್ರ ಯಾರು ಇಳೀಬೇಕ್ರೀ?" ಎಂದು ಕೇಳಿದೆ.

ಮಾಸ್ತರರ ಮುಖ ಸಣ್ಣದಾಯಿತು. "ಅಷ್ಟರಾಗ ಕರೆಂಟ್ ಹೋತು" ಅಂದರು.

ಈ ಇಳಿಯುವ ನಿಯಮ ಟೀವಿಯಲ್ಲಿ ಇತ್ತೋ, ಅವರ ತಂಗಿಯ ಗಂಡ ಹೇಳಿದ್ದೋ, ಬರುವಾಗ ಬಸ್ಸಿನಲ್ಲಿ ಅವರೇ ಹುಟ್ಟಿಸಿದ್ದೋ, ಇಂದಿಗೂ ನನಗೆ ತಿಳಿಯದು. ಮಸ್ಕಿಗೆ ಮಾತ್ರ ಅದು ಭಾರೀ ಹಿಡಿಸಿತು. ಕಾರಣ ಉಂಟು. ಆಗ ನಾವು ಲಿಂಗಸುಗೂರು ತಾಲೂಕಿನವರು. ಹೊಲದ ಉತಾರಕ್ಕೆ ಲಿಂಗಸುಗೂರು, ಜಾತಿ ಸರ್ಟಿಫಿಕೇಟಿಗೆ ಲಿಂಗಸುಗೂರು, ಸತ್ತದ್ದಕ್ಕೆ ಪರಿಹಾರ ಬೇಕಾದರೂ ಲಿಂಗಸುಗೂರು. ಬಸ್ಸಿಳಿದು ಹೋದರೆ ಕಚೇರಿಯಲ್ಲಿ "ಸಾಹೇಬ್ರು ಊಟಕ್ಕ ಹೋಗ್ಯಾರ, ನಾಳಿ ಬರ್ರಿ" ಎನ್ನುವ ಒಂದೇ ಮಂತ್ರ. ಅಂಥ ತಾಲೂಕು ಕೇಂದ್ರವನ್ನು ಕೆಳಗೆ ಇಳಿಸುವ ಒಂದು ನಿಯಮ, ಅದೂ ಅಂತರರಾಷ್ಟ್ರೀಯ ನಿಯಮ, ಈ ಭೂಮಿಯ ಮೇಲೆ ಇದೆ ಎಂದರೆ ಯಾರಿಗೆ ಬೇಡ? ಗೊಬ್ಬರದಂಗಡಿಯ ಸಾಹುಕಾರರು ಅಂದೇ ಸಂಜೆ ಕಮಿಟಿ ಮಾಡಿ ತಾವೇ ಅಧ್ಯಕ್ಷರಾದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಹಾಗೆ ಆಟ ಹೇಗೆ ಆಡುವುದು ಎಂದು ಒಬ್ಬರಿಗೂ ತಿಳಿಯುವ ಮೊದಲೇ ಯಾರನ್ನು ಹೇಗೆ ಇಳಿಸಬೇಕು ಎನ್ನುವುದು ಖಾಯಂ ಆಯಿತು.

ನಾಲ್ಕು ತಂಡ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ನೇರ ಪ್ರವೇಶ. ನಾಲ್ಕನೆಯ ಜಾಗಕ್ಕೆ ಹಳ್ಳಿಗಳ ನಡುವೆ ಅರ್ಹತಾ ಪಂದ್ಯ. ಕಡೆಗೆ ಬಂದವರು ಮುಂದಿನ ವರ್ಷ ಹಳ್ಳಿಗಳ ಸಾಲಿಗೆ. ಅರ್ಹತಾ ಪಂದ್ಯಕ್ಕೆ ಕರೆದ ಹಳ್ಳಿಗಳಲ್ಲಿ ಬಂದದ್ದು ದಢೇಸುಗೂರು ಒಂದೇ. ಉಳಿದವರಿಗೆ ಬಿತ್ತನೆ. ದಢೇಸುಗೂರಿನವರು ಖಾಲಿ ಮೈದಾನದಲ್ಲಿ ಒಂದು ಸುತ್ತು ಓಡಿ, ಚಹಾ ಕುಡಿದು, ಅರ್ಹರಾದರು. ಸಾಹುಕಾರರು ಅವರಿಗೆ ಹಾರ ಹಾಕಿದರು.

ಇನ್ನು ಚೆಂಡಿನ ಮಾತು. ಪಂದ್ಯ ಇಟ್ಟದ್ದು ನಾಗರ ಪಂಚಮಿಯ ಹಿಂದಿನ ಭಾನುವಾರ. ನಮ್ಮ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ತೆಂಗಿನಕಾಯಿ ಎಸೆಯುವ ಜಿದ್ದು. ಯಾರು ಎಷ್ಟು ದೂರ ಒಗೆಯುತ್ತಾರೆ, ಎಷ್ಟು ಎಸೆತಕ್ಕೆ ಊರ ಬಾಗಿಲು ಮುಟ್ಟಿಸುತ್ತಾರೆ ಎಂದು ಪಂಥ ಕಟ್ಟುವುದು. ಕಾಯಿ ಹಿಡಿಯುವುದು, ಒಗೆಯುವುದು ಹುಟ್ಟಿನಿಂದಲೇ ಬರುತ್ತದೆ. ಆದ್ದರಿಂದ ಕಾಯಿಯೇ ಚೆಂಡು. ಪಂದ್ಯಕ್ಕೆ ಎರಡೆರಡು ಕಾಯಿ, ಒಂದು ಪೂಜೆಗೆ ಒಡೆಯಲು, ಒಂದು ಆಡಲು. ಆತಿಥೇಯ ಊರಿನವರೇ ಕಾಯಿ ಕೊಡಬೇಕು ಎಂದಾಯಿತು. ಕಮಿಟಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ಎಲ್ಲರೂ ನನ್ನ ಮುಖ ನೋಡಿದರು. ಪಂಚಮಿ ಉಂಡಿಗೆಂದು ನಮ್ಮವ್ವ ತಂದಿಟ್ಟಿದ್ದ ಕಾಯಿಚೀಲ ಹಾಗೆ ಮೈದಾನ ಸೇರಿತು. "ಉಂಡಿಗೆ ಬದಲಿ ನಿಮ್ಮ ಮಾಸ್ತರನ ತಲಿ ತುರುದು ಹಾಕ್ಲೇನಪಾ?" ಎಂದು ಅವ್ವ ಬೈದದ್ದು ಬೀದಿಗೆಲ್ಲ ಕೇಳಿಸಿತು.

ಈಗ ನನ್ನ ಮನೆಯ ಸಂಕಟ ಹೇಳಬೇಕು. ನನ್ನ ಹೆಂಡತಿಯ ತವರು ಲಿಂಗಸುಗೂರು. ಆಕೆಗೆ ಒಬ್ಬನೇ ಅಣ್ಣ, ಅವನೇ ಲಿಂಗಸುಗೂರು ತಂಡದ ನಾಯಕ. ನಮ್ಮ ಮದುವೆಯಲ್ಲಿ ಬೀಗರ ಪಂಕ್ತಿಗೆ ಕುಳಿತಿದ್ದಾಗ ತುಪ್ಪದ ಗಿಂಡಿ ಹಿಡಿದಿದ್ದ ನಮ್ಮ ಕಾಕಾ ಇವನ ಎಲೆ ದಾಟಿ ಮುಂದಿನ ಎಲೆಗೆ ಹೋದ. ಬೇಕಂತ ಮಾಡಿದ್ದಲ್ಲ, ಕಾಕಾನಿಗೆ ಒಂದು ಕಣ್ಣು ಮಂಜು. ಹೋಳಿಗೆ ಒಣಗೇ ಉಳಿಯಿತು. ಅವನು ಎಲೆ ಬಿಟ್ಟು ಎದ್ದವನೇ, "ಇನ್ನ ಮ್ಯಾಲ ಈ ಮನಿ ನೀರು ಸೈತ ನನ್ನ ಗಂಟಲದಾಗ ಇಳಿಯಂಗಿಲ್ಲ!" ಎಂದು ಮಂಟಪದ ನಡುವೆ ನಿಂತು ಆಣೆ ಮಾಡಿದ. ತುಪ್ಪ ತಂದರು, ಕೈ ಮುಗಿದರು, ಕಾಕಾನೂ ಅತ್ತ. ಉಹೂಂ. ಅಷ್ಟು ಮಂದಿಯ ಮುಂದೆ ಮಾಡಿದ ಆಣೆ, ತಿರುಗಿ ತಗೊಂಡರೆ ಗಂಡಸುತನಕ್ಕೆ ಕುಂದಲ್ಲವೆ! ಥೂ, ಒಂದು ಸೌಟು ತುಪ್ಪ!

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು. ಮೂರು ಪಂಚಮಿ ಹೋದವು, ಅವನು ಬರಲಿಲ್ಲ. ಮಾವನವರು ಓಣಿಯ ಮಂದಿಯ ಕೈಲಿ ಹೇಳಿ ಕಳಿಸುತ್ತಿದ್ದರು. ಈಕೆ ಒಲ್ಲೆ ಅನ್ನುತ್ತಿದ್ದಳು. "ಅಣ್ಣ ಕರಿಯಾಕ ಬಂದ್ರ ಹೋಗ್ತೀನಿ. ಮಂದಿ ಕೂಡ ಹೋಗಾಕ ನಾ ಏನ್ ಕೊರಿಯರ್ರೇನು?" ಹಬ್ಬದ ಹಿಂದಿನ ದಿನಗಳಲ್ಲಿ ಕೆಲಸವೆಲ್ಲ ಮುಗಿಸಿ ಬಾಗಿಲಲ್ಲಿ ಕೂರುವಳು. ಲಿಂಗಸುಗೂರಿನ ಬಸ್ಸು ಹಾರ್ನ್ ಹೊಡೆದರೆ ಕೈಯಲ್ಲಿದ್ದ ಮೊರ ಹಾಗೇ ನಿಲ್ಲುವುದು. ನಾನು ನೋಡಿಯೂ ನೋಡದವನಂತೆ ಒಳಗೆ ಹೋಗುತ್ತಿದ್ದೆ.

ನಮ್ಮ ತಂಡಕ್ಕೆ ಏಳನೆಯವನು ಸಿಗದೆ ನನ್ನನ್ನೇ ಸೇರಿಸಿದ್ದರು. ಪಂದ್ಯದ ದಿನ ಬೆಳಿಗ್ಗೆ ನನ್ನ ಏಳನೇ ನಂಬರಿನ ಅಂಗಿ ತೊಳೆದು ಇಸ್ತ್ರಿ ಮಾಡಿ ಕೊಡುತ್ತಾ ಆಕೆ ಕೇಳಿದಳು. "ನೀವು ಗೆದ್ರ ಏನಾಗ್ತೈತ್ರೀ?"

"ಉಳಿದಿಬ್ಬರ ಮುಂದ ನಾವೂ ನಿಲ್ಲಂಗಿಲ್ಲ, ನಿಮ್ಮಣ್ಣನೂ ನಿಲ್ಲಂಗಿಲ್ಲ. ನಾವು ಅವನ್ನ ಗೆದ್ರ ಅವನ ತಂಡ ಕೆಳಗ ಇಳೀತೈತಿ. ಮುಂದಿನ ವರ್ಷ ಇಲ್ಲಿಗೆ ಬರಂಗಿಲ್ಲ."

"ಸೋತ್ರ?"

"ನಾವು ಇಳೀತೀವಿ. ಆವಾಗೂ ಕೂಡಿ ಆಡಂಗಿಲ್ಲ."

"ಅಂದ್ರ ಹೆಂಗಾದರೂ ಅವ ಈ ಊರಿಗೆ ಬರೂದು ಇದ ಒಂದ ಸಲ. ಯಾವ ಸುಡುಗಾಡು ದೊರಿ ಮಾಡಿದ ನಿಯಮ ರೀ ಇದು?" ಅಂದಳು. ಆಮೇಲೆ ದನಿ ಇಳಿಸಿ, "ನೀವು ಗೆಲ್ರಿ, ಸೋಲ್ರಿ, ನನಗ ದರಕಾರಿಲ್ಲ. ಅವನ್ನ ಮನಿಗೆ ಕರಕೊಂಡು ಬರ್ರಿ. ಹೊಚ್ಚಲ ದಾಟಿದ್ರ ಸಾಕು" ಅಂದಳು. ನಾನು ಹೂಂ ಅಂದೆ. ಹೇಗೆ ಕರೆತರುವುದು ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ಸಿಂಧನೂರಿನವರು ಟ್ರ್ಯಾಕ್ಟರ್ ಮೇಲೆ ಬಂದರು. ಏಳು ಮಂದಿಗೆ ಏಳು ಜೋಡಿ ಹೊಸ ಬೂಟು, ಮೈಗೆ ಒಂದೇ ಬಣ್ಣದ ಬನಿಯನ್ನು. ನಮ್ಮ ಬರಿಗಾಲು ನೋಡಿ ನಕ್ಕರು. ಕಾಯಿಯನ್ನು ಹಿಂದಕ್ಕೆ ಮಾತ್ರ ಕೊಡಬೇಕು, ಮುಂದಕ್ಕೆ ಕೊಡುವ ಹಾಗಿಲ್ಲ ಎಂದು ಮಾಸ್ತರರು ಹೇಳಿದಾಗ ಅವರ ನಾಯಕ, "ಹಿಂದಕ್ಕ ಕೊಟ್ಟು ಮುಂದಕ್ಕ ಹೆಂಗ ಹೋಗೂದ್ರೀ? ನೀರು ಹಿಂದಕ್ಕ ಹರಿಯೋ ಕಾಲುವಿ ಎಲ್ಲೈತಿ ತೋರಸ್ರಿ!" ಎಂದು ತಕರಾರು ತೆಗೆದ. ಮಾತು ಬೆಳೆಯಿತು. ಕಡೆಗೆ ಅವರವರ ಊರಿನ ಪದ್ಧತಿಯಂತೆ ಕೊಡಬಹುದು ಎಂದು ಫೈಸಲಾ ಆಯಿತು. ಸಿಂಧನೂರು ಎಲ್ಲರನ್ನೂ ಹೊಡೆದು ಹಾಕಿತು. ದಢೇಸುಗೂರು ನಮ್ಮನ್ನೂ ಲಿಂಗಸುಗೂರನ್ನೂ ಹೊಡೆಯಿತು. ಗದ್ದೆಯ ಕೆಸರಲ್ಲಿ ಓಡಿ ಬೆಳೆದವರಿಗೆ ಗಟ್ಟಿ ನೆಲ ಸಿಕ್ಕಿದರೆ ಕೇಳಬೇಕೆ? ಮಧ್ಯಾಹ್ನದ ಹೊತ್ತಿಗೆ ಕಾಲುವೆಯಲ್ಲಿ ನೀರಿನ ಪಾಳಿ ಬಂತು ಎಂದು ಖಬರು ಬಂದದ್ದೇ ತಡ, ಸಿಂಧನೂರಿನವರು ಬೂಟು ಬಿಚ್ಚಿ ಟ್ರ್ಯಾಕ್ಟರ್ ಹತ್ತಿ ಹೋಗಿಬಿಟ್ಟರು. "ಕಪ್ ಆಮ್ಯಾಲ ಒಯ್ತೀವಿ, ಇಟ್ಟಿರ್ರಿ" ಎಂದು ಕೂಗಿದರು.

ಉಳಿದದ್ದು ಮಸ್ಕಿ, ಲಿಂಗಸುಗೂರು. ಎರಡೂ ತಂಡ ಉಳಿದಿಬ್ಬರಿಗೂ ಸೋತಿದ್ದವು. ನಮ್ಮಿಬ್ಬರಲ್ಲಿ ಸೋತವರು ಇಳಿಯಬೇಕು. ಕಪ್ಪಿನ ಪಂದ್ಯಕ್ಕೆ ಇಲ್ಲದ ಮಂದಿ ಇದಕ್ಕೆ ಸೇರಿತ್ತು. ಸಾಲೆಯ ಪಡಸಾಲೆ ತುಂಬ ಹೆಂಗಸರು, ಅವರ ನಡುವೆ ನನ್ನ ಹೆಂಡತಿ. ಲಿಂಗಸುಗೂರಿನ ಕಡೆಯವರು, "ತಾಲೂಕು ಹೆಡ್ ಕ್ವಾರ್ಟರ್ ಇಳಿಯೂದಂದ್ರೇನ್ರೀ? ಸರಕಾರದ ಆರ್ಡರ್ ಐತೇನು?" ಎಂದು ಕೇಳಿದರು. "ಇದು ಅಂತರರಾಷ್ಟ್ರೀಯ ಐತಿ, ಸರಕಾರಕ್ಕಿಂತ ಮ್ಯಾಲ!" ಎಂದರು ಮಾಸ್ತರರು. ನಮ್ಮ ಮಂದಿ ಸೀಟಿ ಹೊಡೆದರು.

ಲಿಂಗಸುಗೂರಿನವರೆಲ್ಲ ಹಳೆಯ ಕಬಡ್ಡಿ ಆಟಗಾರರು. ಅವರ ಒಂದು ಚಟ ಬಿಟ್ಟಿರಲಿಲ್ಲ. ಕಾಯಿ ಹಿಡಿದು ಓಡುವಾಗಲೂ "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಓಡುವರು. ಉಸಿರು ಕಡಿದರೆ ಅಲ್ಲೇ ನಿಂತು, ಕಾಯಿ ನೆಲಕ್ಕಿಟ್ಟು, ತಲೆ ತಗ್ಗಿಸಿ ಔಟೆಂದು ಹೊರಗೆ ಹೋಗುವರು! "ಇದರಾಗ ಉಸುರು ಬಿಡಬಹುದ್ರೋ!" ಎಂದು ಮಾಸ್ತರರು ತಲೆ ಚಚ್ಚಿಕೊಂಡರು. ಚಟ ಎಂದರೆ ಚಟ. ಬೆಳಗಿನಿಂದ ಅವರು ಸೋತದ್ದೂ ಅದಕ್ಕೇ. ನಾವು ಸೋತದ್ದು ಯಾಕೆ ಎಂದು ಕೇಳಬೇಡಿ, ನಮಗೆ ಅಷ್ಟು ಒಳ್ಳೆಯ ಕಾರಣವೂ ಇರಲಿಲ್ಲ.

ಆಟ ಶುರುವಾಗುವ ಮೊದಲು ನಾನು ಹೆಂಡತಿಯ ಅಣ್ಣನ ಹತ್ತಿರ ಹೋದೆ. "ಮುಗದ ಮ್ಯಾಲ ಮನಿಗೆ ಬರ್ರಿ. ನಿಮ್ಮ ತಂಗಿ ದಾರಿ ನೋಡಾಕತ್ತಾಳ."

ಅವನು ಪಡಸಾಲೆಯ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಆಣಿ ಮಾಡೀನಿ ಬೀಗರ. ಆಣಿ ಅಂದ್ರ ಆಣಿ" ಎಂದು ತೊಡೆ ತಟ್ಟಿಕೊಂಡು ಹೋದ. ನನಗೆ ಮೈಯೆಲ್ಲ ಉರಿಯಿತು. ಈ ಮೂಳನನ್ನು ಇವತ್ತು ಹೂಳದಿದ್ದರೆ ನಾನು ಗುಮಾಸ್ತನೇ ಅಲ್ಲ ಅಂದುಕೊಂಡೆ.

ಮುಗಿಯುವ ಹೊತ್ತಿಗೆ ಇಬ್ಬರದೂ ಸಮ. ಕಡೆಯ ನಿಮಿಷ ಕಾಯಿ ಅವನ ಕೈಗೆ ಸಿಕ್ಕಿತು. ಎದೆಗವಚಿಕೊಂಡು, ಬಾಯಿ ಅಗಲಿಸಿ "ಕಬಡ್ಡಿ ಕಬಡ್ಡಿ ಕಬಡ್ಡಿ" ಎಂದು ನುಗ್ಗಿ ಬಂದ. ನಮ್ಮವರು ಒಬ್ಬೊಬ್ಬರೇ ಉರುಳಿದರು. ಗೆರೆಯ ಮುಂದೆ ಉಳಿದವನು ನಾನೊಬ್ಬ. ಗೆರೆ ಎಂದರೆ ಸುಣ್ಣ ಬಳಿದ ಕಲ್ಲುಗಳ ಸಾಲು, ಕಾಯಿ ಅದನ್ನು ದಾಟಿದರೆ ಅವರಿಗೆ ಅಂಕ. ಮಂದಿ "ಕೆಡವಲೇ! ಇಳಸಲೇ!" ಎಂದು ಒದರುತ್ತಿದ್ದರು. ನಾನು ಕಣ್ಣು ಮುಚ್ಚಿ ಅವನ ಸೊಂಟಕ್ಕೆ ಬಿದ್ದೆ. ಇಬ್ಬರೂ ಗಿರಕಿ ಹೊಡೆದು ಬಿದ್ದೆವು. ಅವನು ಅಂಗಾತ ಕೆಳಗೆ, ನಾನು ಮೇಲೆ, ಕಾಯಿ ಅವನ ತಲೆಯ ಪಕ್ಕದ ಗೆರೆಗಲ್ಲಿಗೆ. ಫಟ್ ಅಂತ ಎರಡು ಹೋಳು! ನೀರು ಚಿಮ್ಮಿ ಅವನ ಮುಖದ ಮೇಲೆ. "ಕಬಡ್ಡಿ" ಅನ್ನುತ್ತಿದ್ದ ಬಾಯಿ ತೆರೆದೇ ಇತ್ತು.

ಸೀಟಿ ಊದುವುದು ಬಿಟ್ಟು ಮಾಸ್ತರರು ಹಾಗೇ ನಿಂತರು. ಕಾಯಿ ಒಡೆದರೆ ನಮ್ಮ ಮಂದಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಎರಡೂ ಊರಿನವರು ಕೈ ಮುಗಿದು, ಹೋಳು ಹೆಕ್ಕಿ, ಚೂರು ಮಾಡಿ ಹಂಚಿ ತಿನ್ನಲು ಶುರು ಮಾಡಿದರು. "ಬೆಲ್ಲ ಇದ್ರ ತರ್ರಿ" ಎಂದು ಯಾರೋ ಕೂಗಿದರು. ಗೆರೆ ದಾಟಿತ್ತೋ ಇಲ್ಲವೋ ಎಂದು ನೋಡಲು ಮಾಸ್ತರರು ಬರುವಷ್ಟರಲ್ಲಿ ಚೆಂಡು ಎಲ್ಲರ ಹೊಟ್ಟೆಯಲ್ಲಿತ್ತು.

ಆಗ ಪಡಸಾಲೆಯಿಂದ ನನ್ನ ಹೆಂಡತಿ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಷ್ಟು ಗಂಡಸರ ನಡುವೆ ನಡೆದು ಬಂದು ಅಣ್ಣನ ತಲೆಯ ಹತ್ತಿರ ನಿಂತಳು.

"ಯಣ್ಣಾ, ಆ ಕಾಯಿ ಯಾರ ಮನೀದು ಗೊತ್ತೇನು?"

ಅವನು ಮುಖ ಒರೆಸಿಕೊಳ್ಳುತ್ತಾ ಎದ್ದು ಕುಳಿತ.

"ನಮ್ಮ ಮನೀದು. ನಮ್ಮತ್ತಿ ಉಂಡಿಗಂತ ತಂದ ಕಾಯಿ. ಈ ಮನಿ ನೀರು ಗಂಟಲದಾಗ ಇಳಿಯಂಗಿಲ್ಲ ಅಂದಿದ್ದೆಲ್ಲ? ಈಗ ಇಳೀತೋ ಇಲ್ಲೋ?"

"ಉಗುಳೀನಿ" ಅಂದ ಅವನು ಸಣ್ಣಗೆ.

"ಉಗುಳಿಲ್ಲ, ನುಂಗೀದಿ! ಗಂಟಲ ಆಡಿದ್ದು ನಾ ಕಣ್ಣಾರೆ ನೋಡೀನಿ."

"ಅದು ಕಾಯಿನೀರು. ನೀರಲ್ಲ."

ಮಾಸ್ತರರಿಗೆ ಆ ದಿನ ಮೊದಲ ಸಲ ಉತ್ತರ ಗೊತ್ತಿರುವ ಪ್ರಶ್ನೆ ಬಂದಿತ್ತು. ಕೆನ್ನೆ ಉಬ್ಬಿಸಿ ಸೀಟಿ ಊದಿದರು. "ಯಾವ ನೀರಾದರೂ ನೀರ! ಆಣಿ ಖತಂ!" ಎಂದು ಕೈ ಎತ್ತಿದರು. ಲಿಂಗಸುಗೂರಿನ ಆಟಗಾರರೇ ಮೊದಲು ಚಪ್ಪಾಳೆ ತಟ್ಟಿದರು. ಅವನು ತಲೆ ತಗ್ಗಿಸಿ, ಉಸಿರು ಕಡಿದವನ ಹಾಗೆ, ಔಟಾದವನ ಹಾಗೆ ಎದ್ದು ನಿಂತ.

ಕಮಿಟಿಗೆ ಇದರಿಂದೇನೂ ಸಮಾಧಾನವಾಗಲಿಲ್ಲ. ನಿಯಮ ಇದೆ, ಯಾರಾದರೂ ಇಳಿಯಲೇಬೇಕು. ಪಂದ್ಯ ಸಮ, ಚೆಂಡಿಲ್ಲ, ಸಮವಾದರೆ ಏನೆಂದು ಟೀವಿ ಹೇಳುವ ಮೊದಲೇ ಕರೆಂಟ್ ಹೋಗಿತ್ತು. ಅಲ್ಲಿ ಇದ್ದವರನ್ನು ಇಳಿಸಿದರೆ ಜಗಳ. ಹಾಗಾಗಿ ಅಲ್ಲಿ ಇಲ್ಲದವರನ್ನು ಇಳಿಸಿದರು. ಎಲ್ಲ ಪಂದ್ಯ ಗೆದ್ದ ಸಿಂಧನೂರು, ಬಹುಮಾನಕ್ಕೆ ನಿಲ್ಲದೆ ಹೋದ ಅಪರಾಧಕ್ಕೆ, ಸರ್ವಾನುಮತದಿಂದ ಕೆಳಗಿಳಿಯಿತು. ಇದನ್ನು ಕೇಳಿದ ಸಿಂಧನೂರಿನವರು ಮುಂದಿನ ವರ್ಷ ತಮ್ಮದೇ ವಿಶ್ವಕಪ್ ಇಟ್ಟು, ತಾವೊಬ್ಬರೇ ಆಡಿ, ಗೆದ್ದರೆಂದು ಕೇಳಿದ್ದೇನೆ. ನಮ್ಮ ಪಂದ್ಯ ಮತ್ತೆ ನಡೆಯಲಿಲ್ಲ. ಮಸ್ಕಿಯ ಅವ್ವಂದಿರು ಯಾರೂ ಕಾಯಿ ಕೊಡಲು ಒಪ್ಪಲಿಲ್ಲ.

ಅವನನ್ನು ಮನೆಗೆ ಕರೆದುಕೊಂಡು ಹೋದೆವು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ. ಆಮೇಲೆ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ನಮ್ಮವ್ವನಿಗೆ ಏನು ಗಡಿಬಿಡಿಯೋ, ತಾಟಿನಲ್ಲಿ ರೊಟ್ಟಿ ಬೀಳುವ ಮೊದಲೇ ತುಪ್ಪ ಸುರಿದುಬಿಟ್ಟಳು. ಖಾಲಿ ತಾಟಿನಲ್ಲಿ ತುಪ್ಪ ನಿಂತಿತು. ಅವನು ಅದನ್ನು ನೋಡಿ ಮೊದಲ ಸಲ ನಕ್ಕ. "ಸಾಕ್ ಬಿಡ್ರೆವ್ವ, ಮೂರು ವರ್ಷದ್ದೂ ಬಂತು" ಅಂದ.

ಎರಡು ತುತ್ತು ತಿಂದು, "ತಂಗೀ, ನೀರು ಕೊಡು" ಅಂದ. ಮೈದಾನದಲ್ಲಿ ಅಷ್ಟು ಮಂದಿಯ ನಡುವೆ ವಕೀಲಿ ಮಾಡಿದವಳು ತಂಬಿಗೆ ಹಿಡಿದು ನಿಂತು ಅತ್ತುಬಿಟ್ಟಳು. ನೀರು ತಾಟಿಗೂ ಬಿತ್ತು, ತುಪ್ಪಕ್ಕೂ ಬಿತ್ತು.

"ಯಾಕ ಅಳ್ತೀ ಬೇ? ಪಂಚಿಮಿಗೆ ಕರಿಯಾಕ ಬಂದೀನಿ" ಅಂದ.

"ಸುಳ್ಳ ಹೇಳ್ತೀ. ಆಡಾಕ ಬಂದೀದಿ ನೀ."

ಅವನು ಕೈ ತೊಳೆದು, ಚಡ್ಡಿ ಬನಿಯನ್ನು ತುರುಕಿ ತಂದಿದ್ದ ತನ್ನ ಚೀಲವನ್ನು ಎಳೆದುಕೊಂಡ. ತಳಕ್ಕೆ ಕೈ ಹಾಕಿ ಒಂದು ಕಾಗದದ ಗಂಟು ತೆಗೆದು ತಂಗಿಯ ಮುಂದೆ ಇಟ್ಟ. ಬಿಚ್ಚಿದರೆ ಕುಪ್ಪಸದ ಖಣ, ಒಂದಲ್ಲ, ನಾಲ್ಕು. ಅವನು ಬಾರದ ಮೂರು ಪಂಚಮಿಯವು, ಈ ವರ್ಷದ್ದೊಂದು. ಎಲ್ಲಕ್ಕಿಂತ ಹಳೆಯದು ಮಡಿಕೆಯ ಜಾಗದಲ್ಲಿ ಬಣ್ಣ ಮಾಸಿ ಬಿಳುಪಾಗಿತ್ತು.

ಆಕೆ ಹೊಸದನ್ನು ಮುಟ್ಟಲಿಲ್ಲ. ಆ ಮಾಸಿದ್ದನ್ನು ತೊಡೆಯ ಮೇಲೆ ಹರಡಿ, ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡಿದಳು. "ಇದನ್ನ ಹೊಲಿಸ್ತೀನಿ" ಅಂದಳು. ಸಂಜೆಯ ಬಸ್ಸಿಗೆ ಅಣ್ಣ ತಂಗಿ ಹೊರಟರು. ನಾನು ಬಸ್ ಸ್ಟ್ಯಾಂಡಿನವರೆಗೂ ಆಕೆಯ ಚೀಲ ಹೊತ್ತು ಹೋದೆ.